ಒದ್ದೆ ಬೆಕ್ಕಿನ ಮುಖ

"ನಗ್ಬೇಡ ಕಣೇ! ಹಲ್ಲು ಕಾಣ್ತಿದೆ."

ಚಿಕ್ಕಮ್ಮ ಫೋನನ್ನು ಕೆಳಗಿಳಿಸಿ ಹುಬ್ಬು ಗಂಟಿಕ್ಕಿದಳು. ಮರಿ, ಅಮ್ಮನ ಬ್ಯೂಟಿ ಪಾರ್ಲರಿನ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದ ಸ್ಟೂಲಿನ ಮೇಲೆ ಕೂತಿದ್ದಳು. ನಗು ತಡೆಯಬೇಕು ಅಂತ ಕೆನ್ನೆ ತುಂಬ ಗಾಳಿ ತುಂಬಿಕೊಂಡಳು. ಗಾಳಿ ನಿಲ್ಲಲಿಲ್ಲ. 'ಪುರ್' ಅಂತ ಹೊರಗೆ ಬಂತು.

"ಅಕ್ಕಾ, ನಿನ್ನ ಮಗಳಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಅಮ್ಮ ಒಬ್ಬ ಗಿರಾಕಿಯ ಹುಬ್ಬಿನ ಕೂದಲು ತೆಗೆಯುತ್ತಿದ್ದಳು. ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡು ಕೈಯಲ್ಲಿ. ಹಲ್ಲು ಬಿಡದೆಯೇ ಮಾತಾಡುವುದು ಅವಳಿಗೆ ಅಭ್ಯಾಸ.

"ಮರೀ, ಒಂದೇ ನಿಮಿಷ ಸುಮ್ನಿರು. ಬಿಫೋರ್ ಫೋಟೊದಲ್ಲಿ ಯಾರೂ ನಗಲ್ಲ."

ಅದೇನೋ ನಿಜ. ಅಮ್ಮನ ಪಾರ್ಲರಿನಲ್ಲಿ ಯಾರೇ ಬಂದರೂ ಎರಡು ಸಲ ಫೋಟೊ ತೆಗೆಯುತ್ತಿದ್ದರು. ಕೆಲಸ ಶುರುವಾಗುವ ಮೊದಲು ಹಿಂದಿನ ಗೋಡೆಯ ಹತ್ತಿರ, ಹಳೇ ಟ್ಯೂಬ್‌ಲೈಟಿನ ಕೆಳಗೆ. "ನಗ್ಬೇಡಿ, ಸುಮ್ನೆ ನೋಡಿ" ಅನ್ನುತ್ತಿದ್ದಳು ಚಿಕ್ಕಮ್ಮ. ಕೆಲಸ ಮುಗಿದ ಮೇಲೆ ಮುಂದಿನ ಕುರ್ಚಿಯಲ್ಲಿ, ಬಳೆಯ ಹಾಗೆ ದುಂಡಗಿರುವ ದೊಡ್ಡ ದೀಪದ ಎದುರು. ಆಗ, "ಈಗ ನಗಿ, ಚೆನ್ನಾಗಿ ನಗಿ!" ಎರಡನ್ನೂ ಅಕ್ಕಪಕ್ಕ ಇಟ್ಟು ಪಾರ್ಲರಿನ ಪೇಜಿಗೆ ಹಾಕುವುದು ಚಿಕ್ಕಮ್ಮನ ಕೆಲಸ. ಒಂದರ ಮೇಲೆ 'ಬಿಫೋರ್', ಇನ್ನೊಂದರ ಮೇಲೆ 'ಆಫ್ಟರ್'.

ಇವತ್ತು ಹೊಸದೊಂದು ಶುರು. 'ಮಕ್ಕಳ ಪಾರ್ಟಿ ಮೇಕಪ್'. ಅದಕ್ಕೆ ಇನ್ನೂ ಒಂದು ಮಗುವೂ ಬಂದಿರಲಿಲ್ಲ. ಮನೆಯಲ್ಲೇ ಒಂದು ಮಗು ಇರುವಾಗ ಹೊರಗೆ ಯಾಕೆ ಹುಡುಕಬೇಕು?

ಚಿಕ್ಕಮ್ಮ ಮರಿಯ ಜಡೆ ಬಿಚ್ಚಿ, ಟವೆಲಿನಿಂದ ತಲೆಯನ್ನು ಗಸಗಸ ಉಜ್ಜಿದಳು. ಕೂದಲು ನಾಲ್ಕು ದಿಕ್ಕಿಗೂ ಎದ್ದು ನಿಂತಿತು.

"ಈಗ ಬೇಜಾರಾದ ಹಾಗೆ ಮುಖ ಮಾಡು. ನೀನು ಮಿಮಿಕ್ರಿ ಮಾಡ್ತೀಯಲ್ಲ, ಮಾಡು ನೋಡೋಣ."

ಅದು ಬೇರೆ ಮಾತು! ಮುಖ ಮಾಡು ಅಂದರೆ ಮರಿಗೆ ಎಲ್ಲಿಲ್ಲದ ಹುಮ್ಮಸ್ಸು. ತರಗತಿಯಲ್ಲಿ ಎಲ್ಲರ ಮುಖವೂ ಅವಳಿಗೆ ಬರುತ್ತಿತ್ತು. ಕನ್ನಡಕದ ಮೇಲಿನಿಂದ ನೋಡುವ ಹೆಡ್‌ಮಾಸ್ಟರ್, ಚಿಲ್ಲರೆ ಕೇಳಿದರೆ ಹುಳಿ ತಿಂದವನ ಹಾಗೆ ಮುಖ ಮಾಡುವ ಬಸ್ ಕಂಡಕ್ಟರ್, ಎಲ್ಲಾ.

ಈಗ ಯಾರನ್ನು ಮಾಡಲಿ? ಪಕ್ಕದ ಟೈಲರ್ ಅಂಗಡಿಯ ಬೆಕ್ಕು ನೆನಪಾಯಿತು. ಹೋದ ವಾರ ಅದು ನೀರಿನ ಡ್ರಮ್ಮಿಗೆ ಬಿದ್ದಿತ್ತು. ಟೈಲರ್ ಎತ್ತಿ ಹೊರಗೆ ಹಾಕಿದಾಗ ಇಡೀ ಬೀದಿಯ ಮೇಲೆ ಕೋಪ ಮಾಡಿಕೊಂಡು ಕೂತಿತ್ತು.

ಮರಿ ಕೆಳತುಟಿ ಜೋತುಬಿಟ್ಟಳು. ಗಲ್ಲವನ್ನು ಕುತ್ತಿಗೆಯೊಳಗೆ ಎಳೆದುಕೊಂಡಳು. ಕಣ್ಣಿನ ರೆಪ್ಪೆ ಅರ್ಧ ಇಳಿಸಿದಳು. ಕೊನೆಗೆ ಎರಡೂ ಭುಜಗಳನ್ನು ಕಿವಿಯ ತನಕ ಎತ್ತಿದಳು.

"ಟೈಲರ್ ಬೆಕ್ಕು!" ಅಂದು ಅಮ್ಮ ನಕ್ಕಳು. ಹಲ್ಲಿನಿಂದ ದಾರ ಬಿತ್ತು. ಒಂದೇ ಹುಬ್ಬು ಮುಗಿಸಿಕೊಂಡಿದ್ದ ಗಿರಾಕಿಯೂ ಕನ್ನಡಿಯಲ್ಲಿ ನೋಡಿ ನಕ್ಕಳು.

ಕ್ಲಿಕ್.

"ಇದೇ! ಇದೇ ಬೇಕಾಗಿದ್ದು!" ಅಂದಳು ಚಿಕ್ಕಮ್ಮ.

ಆಮೇಲೆ ಮುಂದಿನ ಕುರ್ಚಿ. ಅಮ್ಮ ಬಂದು ಪುಟ್ಟ ಬ್ರಷ್ಷಿನಿಂದ ಕೆನ್ನೆಗೆ ಬಣ್ಣ ಹಚ್ಚಿದಳು. ಕೂದಲನ್ನು ಗುಂಗುರು ಮಾಡಿ ಬೆಳ್ಳಿ ಬಣ್ಣದ ಹೇರ್‌ಬ್ಯಾಂಡ್ ಹಾಕಿದಳು. ದುಂಡು ದೀಪ ಹತ್ತಿತು. ಮರಿ ನಕ್ಕಳು. ಕ್ಲಿಕ್.

ಚಿಕ್ಕಮ್ಮ ಫೋನಿನ ಮೇಲೆ ಬೆರಳು ಆಡಿಸುತ್ತಿದ್ದಾಗ ಮರಿ ಬಗ್ಗಿ ನೋಡಿದಳು. ಬೆಕ್ಕಿನ ಮುಖ ಮೆಲ್ಲಗೆ ಕಪ್ಪಾಗುತ್ತಿತ್ತು. ಇನ್ನೊಂದು ಮೆಲ್ಲಗೆ ಬೆಳ್ಳಗಾಗುತ್ತಿತ್ತು.

"ಯಾಕೆ ಚಿಕ್ಕಮ್ಮ ಕಪ್ಪು ಮಾಡ್ತಿದ್ದೀಯ?"

"ಕಪ್ಪಲ್ಲ ಕಣೇ, ಸ್ವಲ್ಪ ಡಲ್. ಇಲ್ಲಾಂದ್ರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ."

ಮರಿಗೆ ಇದು ಸರಿ ಅನಿಸಿತು. ಓಡಿಹೋಗಿ ಬೆಕ್ಕಿಗೆ ಬಿಸ್ಕತ್ತು ಹಾಕಿ ಬಂದಳು.

* * *

ಆ ಫೋಟೊವನ್ನು ಜನ ನೋಡಿದರು. ಎಷ್ಟು ನೋಡಿದರೆಂದರೆ ಚಿಕ್ಕಮ್ಮ ಊಟದ ತಟ್ಟೆಯ ಪಕ್ಕದಲ್ಲೇ ಫೋನ್ ಇಟ್ಟುಕೊಂಡಳು. "ಅಕ್ಕಾ, ಇನ್ನೂ ಓಡ್ತಾನೇ ಇದೆ!" ಅನ್ನುತ್ತಿದ್ದಳು. ಮಕ್ಕಳನ್ನು ಕರೆದುಕೊಂಡು ಅಮ್ಮಂದಿರು ಬರತೊಡಗಿದರು. ಬೆಂಚು ಸಾಲದೆ ಮನೆಯೊಳಗಿನ ಕುರ್ಚಿಗಳನ್ನೂ ಪಾರ್ಲರಿಗೆ ತಂದು ಹಾಕಿದರು.

"ನೀನೇ ಕಣೇ ನಮ್ಮ ಪಾರ್ಲರಿನ ಹೀರೋಯಿನ್" ಅಂದು ಅಮ್ಮ ಮರಿಯ ಕೆನ್ನೆ ಹಿಂಡಿದಳು.

ಅಪ್ಪ ಲಾರಿ ಓಡಿಸುತ್ತಿದ್ದ. ಅವನು ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಅವನೂ ಎಲ್ಲೋ ಲಾರಿ ನಿಲ್ಲಿಸಿ, ಫೋಟೊದ ಕೆಳಗೆ 'ನನ್ನ ಮಗಳು ಎಷ್ಟು ಚೆಂದ' ಅಂತ ಬರೆದು ಮೂರು ಹೃದಯ ಹಾಕಿದ್ದ.

ಹೀರೋಯಿನ್ ಸೋಮವಾರ ಶಾಲೆಗೆ ಹೋದಳು.

"ಏಯ್, ಬಿಫೋರ್ ಬಂತು! ಬಿಫೋರ್ ಬಂತು!"

ಕೂಗಿದವನು ಹಿಂದಿನ ಬೆಂಚಿನ ಲೌಡ್‌ಸ್ಪೀಕರ್. ಅವನು ಗುಟ್ಟು ಹೇಳಿದರೂ ಪಕ್ಕದ ತರಗತಿಗೆ ಕೇಳುತ್ತಿತ್ತು, ಅದಕ್ಕೇ ಆ ಹೆಸರು. ಆ ಹೆಸರಿಟ್ಟವಳೂ ಮರಿಯೇ.

"ಆಫ್ಟರ್ ಎಲ್ಲಿ? ಇವತ್ತು ರಜಾನಾ?"

"ಆಫ್ಟರ್‌ಗೆ ಜ್ವರ" ಅಂದಳು ಮರಿ. ಎಲ್ಲರೂ ನಕ್ಕರು. ಮರಿಯೂ ನಕ್ಕಳು. ಅಲ್ಲಿಗೆ ಮುಗಿಯಿತು ಅಂದುಕೊಂಡಳು.

ಮುಗಿಯಲಿಲ್ಲ. ತರಗತಿಯ ಮಕ್ಕಳು ತಮ್ಮದೇ ಒಂದು ಗ್ರೂಪ್ ಮಾಡಿಕೊಂಡಿದ್ದರು. ಎಲ್ಲರೂ ಅವರವರ ಅಮ್ಮಂದಿರ ಫೋನಿನಿಂದ ಸೇರಿದ್ದರು. ಆ ಸಂಜೆ ಅದರಲ್ಲೊಂದು ಸ್ಟಿಕ್ಕರ್ ಬಂತು. ಮರಿಯ ಮುಖ. ಕತ್ತಿನಿಂದ ಮೇಲೆ ಕತ್ತರಿಸಿ ತೆಗೆದ, ಡಲ್ ಮಾಡಿದ ಮುಖ. ಕೆಳಗೆ 'ಹೋಮ್‌ವರ್ಕ್ ಮಾಡಿಲ್ಲ ಮಿಸ್' ಅಂತ ಬರೆದಿತ್ತು.

ಮರುದಿನ ಅದೇ ಮುಖಕ್ಕೆ 'ಸ್ನಾನ ಮಾಡದೆ ಮೂರು ದಿನ' ಅಂತ ಬಂತು.

ಅದರ ಮರುದಿನ ಬರಹವೇ ಇರಲಿಲ್ಲ. ಬರೀ ಮುಖ. ಯಾರಾದರೂ 'ನಾಳೆ ಟೆಸ್ಟ್ ಇದೆ' ಅಂದರೆ ಮುಖ. 'ನಮ್ಮನೇಲಿ ಕರೆಂಟ್ ಹೋಯ್ತು' ಅಂದರೆ ಮುಖ. 'ಥೂ', 'ಛೀ', 'ಅಯ್ಯೋ' ಅನ್ನಬೇಕಾದಲ್ಲೆಲ್ಲ ಈಗ ಮರಿಯ ಮುಖ.

ಅಮ್ಮನ ಫೋನ್ ಹಿಡಿದು ಮರಿ ಬೆರಳಿನಿಂದ ಮೇಲೆ ತಳ್ಳುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. ಆ ಮುಖ ಕಳಿಸಿದ್ದವಳು ಬುಡ್ಡಿ.

ಬುಡ್ಡಿ ಅಂದರೆ ಸೋಡಾಬುಡ್ಡಿ ಕನ್ನಡಕದ ಗೆಳತಿ. ಒಂದನೇ ಕ್ಲಾಸಿನಿಂದಲೂ ಒಂದೇ ಬೆಂಚು.

"ನೀನೂ ಕಳಿಸ್ದೆ" ಅಂದಳು ಮರಿ, ಮರುದಿನ ನಲ್ಲಿಯ ಹತ್ತಿರ.

ಬುಡ್ಡಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು, ಬಿಚ್ಚಿದಳು, ಮತ್ತೆ ತಿರುಗಿಸಿದಳು. "ಎಲ್ಲರೂ ಕಳಿಸ್ತಾರಲ್ಲ. ತಮಾಷೆಗೆ ಕಣೇ."

"ನಂಗೆ ತಮಾಷೆ ಅನ್ನಿಸ್ಲಿಲ್ಲ."

"ನೀನು ಎಲ್ಲರನ್ನೂ ಆಡ್ಕೊಳ್ತೀಯಲ್ಲ? ನನ್ನನ್ನ ಬುಡ್ಡಿ ಅಂತ ಕರೆಯೋಕೆ ಶುರು ಮಾಡಿದ್ಯಾರು? ಆಗ ನಾನೇನಾದ್ರೂ ಅಂದ್ನಾ?"

ಮರಿ ತನ್ನ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದಳು. ಬಾಟಲಿ ತುಂಬಿ ನೀರು ಕಾಲಿನ ಮೇಲೆ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.

ಅವತ್ತು ಸಂಜೆ ಅವಳು ಪಾರ್ಲರಿನ ಪೇಜಿಗೇ ಹೋದಳು. ಫೋಟೊದ ಕೆಳಗೆ ಮಾರುದ್ದ ಬರಹ. ಬರೆದವರು ಯಾರೋ, ಎಲ್ಲಿಯವರೋ. 'ಪಾಪ, ಬಿಫೋರ್‌ನಲ್ಲಿ ಕಾಯಿಲೆ ಬಿದ್ದ ಮಗು ಥರ ಇದೆ.' 'ಇದಕ್ಕೆ ಮೇಕಪ್ ಅಲ್ಲ, ರಿಪೇರಿ ಬೇಕಿತ್ತು.' 'ಎರಡೂ ಒಂದೇ ಹುಡುಗಿ ಅಂದ್ರೆ ನಾನಂತೂ ನಂಬಲ್ಲ. ಆಫ್ಟರ್ ಮಾತ್ರ ಗೊಂಬೆ!'

ಅಪ್ಪ ಬರೆದದ್ದನ್ನು ಮತ್ತೆ ಓದಿದಳು. 'ನನ್ನ ಮಗಳು ಎಷ್ಟು ಚೆಂದ.' ಯಾವ ಮಗಳು ಅಂತ ಅಪ್ಪ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇಲ್ಲ, ಆಫ್ಟರೇ ಅಂತ ಮರಿಗೆ ಗೊತ್ತಾಯಿತು.

* * *

ಪಾರ್ಲರ್ ಇರುವ ಮನೆಯಲ್ಲಿ ಒಂದು ಕಷ್ಟವಿದೆ. ಎಲ್ಲಿ ತಿರುಗಿದರೂ ಕನ್ನಡಿ.

ಮುಂದಿನ ಕೋಣೆಯಲ್ಲಿ ಗೋಡೆ ಉದ್ದಕ್ಕೂ ಕನ್ನಡಿ. ಕೈ ತೊಳೆಯುವಲ್ಲಿ ಕನ್ನಡಿ. ಗಿರಾಕಿಗಳಿಗೆ ಹಿಂದಲೆ ತೋರಿಸಲು ಹಿಡಿಯಿರುವ ಕನ್ನಡಿಗಳು ಬೇರೆ, ಮೇಜಿನ ಮೇಲೆ ಮಕಾಡೆ ಮಲಗಿರುತ್ತಿದ್ದವು. ಮೊದಲೆಲ್ಲ ಮರಿ ಅವುಗಳ ಎದುರು ನಿಂತು ಹೊಸ ಮುಖಗಳನ್ನು ಕಲಿಯುತ್ತಿದ್ದಳು. ಈಗ ಶಾಲೆಯಿಂದ ಬಂದರೆ ನೆಲ ನೋಡಿಕೊಂಡು ಒಳಗೆ ಹೋಗುತ್ತಿದ್ದಳು. ಆದರೂ ಕಣ್ಣಿನ ತುದಿಗೆ ಅವಳು ಸಿಕ್ಕೇಬಿಡುತ್ತಿದ್ದಳು, ಆ ಬಿಫೋರ್.

ಆಫ್ಟರ್ ಮಾತ್ರ ಯಾವ ಕನ್ನಡಿಯಲ್ಲೂ ಇರಲಿಲ್ಲ. ಅವಳು ಫೋನಿನಲ್ಲೇ ಇದ್ದಳು.

ತರಗತಿಯಲ್ಲಿ ಮರಿ ಕೆನ್ನೆಗೆ ಕೈ ಕೊಟ್ಟು ಕೂರತೊಡಗಿದಳು. ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ. ಎದ್ದರೆ ಎಲ್ಲರೂ ಮುಖ ನೋಡುತ್ತಾರಲ್ಲ. ಕಂಡಕ್ಟರನ್ನು ಮಾಡುವುದೂ ನಿಂತಿತು. ಹೆಡ್‌ಮಾಸ್ಟರನ್ನು ಮಾಡುವುದೂ ನಿಂತಿತು.

"ಯಾಕೇ ಹಾಗೆ ಕುಗ್ಗಿಕೊಂಡು ನಡೀತೀಯ? ಭುಜ ಇಳಿಸು" ಅಂದಳು ಅಮ್ಮ ಒಂದು ದಿನ, ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಾ. "ಬ್ಯಾಗ್ ಭಾರನಾ?"

"ಹೂಂ" ಅಂದಳು ಮರಿ.

ಬ್ಯಾಗು ಆಗಲೇ ಮೂಲೆಯಲ್ಲಿತ್ತು. ಅಮ್ಮ ನೋಡಲಿಲ್ಲ. ಅವಳಿಗೆ ಆಗ ಉಸಿರಾಡಲೂ ಬಿಡುವಿರಲಿಲ್ಲ. ಪೇಜಿನಲ್ಲಿ ಯಾರು ಏನು ಬರೆದರು ಅಂತ ಅವಳು ಓದಿದವಳೂ ಅಲ್ಲ. ಎಷ್ಟು ಜನ ನೋಡಿದರು ಅಂತ ಮಾತ್ರ ತಂಗಿಯನ್ನು ಕೇಳುತ್ತಿದ್ದಳು.

ಆ ವಾರ ಕ್ಲಾಸಿಗೆ ಮಿಸ್ ಒಂದು ಹಾಳೆ ಹಿಡಿದು ಬಂದರು.

"ಸ್ಕೂಲ್ ಡೇಗೆ ಹೆಸರು ಕೊಡೋರು ಯಾರ್ಯಾರು? ಏನಮ್ಮಾ ನಟಿ, ನಿಂದು ಮಿಮಿಕ್ರಿ ತಾನೇ? ಹೋದ ವರ್ಷ ಕಂಡಕ್ಟರ್ ಮಾಡಿ ಹೆಡ್‌ಮಾಸ್ಟರನ್ನೇ ನಗಿಸಿದ್ದೆ."

ಮರಿ ಕೈಯ ಮರೆಯಿಂದ ನೋಡಿದಳು. ಹೋದ ವರ್ಷದ ನಗು ನೆನಪಾಯಿತು. ಹಾಲ್ ತುಂಬ ಜನ. ಆ ನಗು ಅಲೆಯ ಹಾಗೆ ಬಂದು ಕಾಲಿಗೆ ಬಡಿದಿತ್ತು. ಈ ವರ್ಷವೂ ಬೇಕು. ತುಂಬಾ ಬೇಕು.

"ಮಿಸ್!" ಲೌಡ್‌ಸ್ಪೀಕರ್ ಎದ್ದು ನಿಂತ. "ಸ್ಟೇಜಿಗೆ ಬಿಫೋರ್ ಬರುತ್ತಾ, ಆಫ್ಟರ್ ಬರುತ್ತಾ ಮಿಸ್?"

ತರಗತಿ ಒಡೆದುಹೋಗುವ ಹಾಗೆ ನಕ್ಕಿತು. ಮಿಸ್‌ಗೆ ಏನೂ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದರಲ್ಲ, ಅವರೂ ಸ್ವಲ್ಪ ನಕ್ಕು, "ಸೈಲೆನ್ಸ್" ಅಂದರು. "ಶನಿವಾರ ಮಧ್ಯಾಹ್ನ ಸೆಲೆಕ್ಷನ್. ಬರ್ತೀಯಲ್ಲಮ್ಮಾ?"

"ಬರ್ತೀನಿ ಮಿಸ್" ಅಂದಳು ಮರಿ.

ಬರುವುದು ಆಫ್ಟರ್ ಅಂತ ಅವಳು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

* * *

ಶನಿವಾರ ಅಮ್ಮ ಒಂದು ಮನೆಗೆ ಮೇಕಪ್ ಮಾಡಲು ಹೋಗಿದ್ದಳು. ಚಿಕ್ಕಮ್ಮ ಮುಂದಿನ ಕೋಣೆಯಲ್ಲಿ ಒಬ್ಬರ ತಲೆ ತೊಳೆಯುತ್ತಿದ್ದಳು. ನೀರಿನ ಸದ್ದಿಗೆ ಬೇರೇನೂ ಕೇಳುತ್ತಿರಲಿಲ್ಲ.

ಮರಿ ಒಳಗಿನ ಬೀರು ತೆರೆದಳು. ಮುಖ ಬೆಳ್ಳಗೆ ಮಾಡುವ ಬ್ಲೀಚಿನ ಡಬ್ಬಿ ಎಲ್ಲಿದೆ ಅಂತ ಗೊತ್ತು. ಹೇಗೆ ಕಲಸುವುದು ಅಂತಲೂ ಗೊತ್ತು. ನಡೆಯಲು ಕಲಿತಾಗಿನಿಂದ ಇದನ್ನೇ ನೋಡುತ್ತಾ ಬೆಳೆದವಳು. ಬಿಳಿ ಕ್ರೀಮ್ ಒಂದು ಚಮಚ. ಅದಕ್ಕೆ ಪುಡಿ ಒಂದೇ ಒಂದು ಚಿಟಿಕೆ. ಮೊದಲು ಮೊಣಕೈಯ ಒಳಗಡೆ ಸ್ವಲ್ಪ ಹಚ್ಚಿ ಕಾಯಬೇಕು. ಮಕ್ಕಳಿಗೆ ಇದನ್ನು ಹಚ್ಚಲೇಬಾರದು. ಅದನ್ನಂತೂ ಅಮ್ಮ ಎಷ್ಟು ಜನಕ್ಕೆ ಹೇಳಿ ವಾಪಸ್ ಕಳಿಸಿದ್ದಳೋ!

ಆದರೆ ಸೆಲೆಕ್ಷನ್ ಇವತ್ತೇ. ಕಾಯಲು ಹೊತ್ತಿಲ್ಲ. ಮರಿ ಪುಡಿಯನ್ನು ಚಮಚದಲ್ಲೇ ಹಾಕಿದಳು. ಇನ್ನೂ ಸ್ವಲ್ಪ ಹಾಕಿದಳು. ಬೇಗ ಆಗಲಿ.

ಎರಡೂ ಕೆನ್ನೆಗೆ ದಪ್ಪಗೆ ಬಳಿದುಕೊಂಡಳು. ಮೂಗು ಕಟ್ಟುವಷ್ಟು ಘಾಟು. ಮೊದಲು ತಣ್ಣಗಿತ್ತು. ಆಮೇಲೆ ಚುರುಚುರು ಅನ್ನತೊಡಗಿತು.

ಇಲ್ಲೇ ಮರಿ ಎಡವಿದ್ದು. ಬೇರೆ ಯಾವ ಮಗುವಾದರೂ ಆಗಲೇ ನಲ್ಲಿಯ ಹತ್ತಿರ ಓಡುತ್ತಿತ್ತು. ಆದರೆ ಮರಿ ಪಾರ್ಲರಿನ ಮಗಳು. ಆ ಕುರ್ಚಿಯಲ್ಲಿ ಕೂತು "ಉರಿಯುತ್ತೆ" ಅಂದವರಿಗೆಲ್ಲ ಅಮ್ಮ ಹೇಳುವ ಮಾತು ಅವಳಿಗೆ ಬಾಯಿಪಾಠ. 'ಸ್ವಲ್ಪ ಚುರುಗುಟ್ಟುತ್ತೆ, ತಡ್ಕೊಳ್ಳಿ. ಕೆಲಸ ಮಾಡ್ತಿದೆ ಅಂತ ಅರ್ಥ.'

ಮರಿ ತಡೆದುಕೊಂಡಳು.

ಚುರುಚುರು ಹೋಗಿ ಉರಿ ಬಂತು. ಕೆಲಸ ಮಾಡ್ತಿದೆ. ಕಣ್ಣಿನಲ್ಲಿ ನೀರು ಬಂತು. ಕೆಲಸ ಮಾಡ್ತಿದೆ. ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಹಿಡಿದಳು, ಕಾಲಿನ ಬೆರಳುಗಳನ್ನು ಮಡಚಿದಳು. ಆಫ್ಟರ್ ಬರ್ತಿದ್ದಾಳೆ, ಇನ್ನೇನು ಬಂದೇಬಿಟ್ಟಳು. ಎಡಗೆನ್ನೆಯ ಮೇಲೆ ಯಾರೋ ಕಾದ ಸೌಟು ಇಟ್ಟ ಹಾಗಾಯಿತು. ಆಗ ಮರಿ ಕೂಗಿಕೊಂಡಳು.

ಸೋಪಿನ ಕೈಯಲ್ಲೇ ಚಿಕ್ಕಮ್ಮ ಓಡಿಬಂದಳು. "ಅಯ್ಯೋ! ಏನೇ ಇದು! ಏನು ಮಾಡ್ಕೊಂಡೆ!" ಎತ್ತಿಕೊಂಡು ಹೋಗಿ ಮುಖವನ್ನು ನಲ್ಲಿಯ ಕೆಳಗೆ ಹಿಡಿದಳು. ಒಂದು ಕೈಯಲ್ಲಿ ಬೆನ್ನಿಗೆ ಗುದ್ದುತ್ತಿದ್ದಳು, ಇನ್ನೊಂದು ಕೈಯಲ್ಲಿ ಮುಖ ತೊಳೆಯುತ್ತಿದ್ದಳು. ಬೈಯುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ತಲೆ ತೊಳೆಸಿಕೊಳ್ಳುತ್ತಿದ್ದಾಕೆ ನೊರೆ ಸುರಿಸುತ್ತಾ ಬಾಗಿಲಲ್ಲಿ ನಿಂತಿದ್ದಳು.

* * *

ಚರ್ಮದ ಡಾಕ್ಟರ್ ಸಣ್ಣ ಟಾರ್ಚ್ ಬಿಟ್ಟು ನೋಡಿದರು. ಬಲಗೆನ್ನೆ ಕೆಂಪಾಗಿತ್ತು ಅಷ್ಟೇ. ಎಡಗೆನ್ನೆಯಲ್ಲಿ ಅಂಗೈಯಷ್ಟು ಅಗಲ ಚರ್ಮ ಸುಲಿದುಹೋಗಿತ್ತು.

"ಕಣ್ಣಿಗೆ ಹೋಗಿಲ್ಲ, ಪುಣ್ಯ. ಗಾಯ ವಾಸಿಯಾಗುತ್ತೆ. ಕಲೆ ಎಷ್ಟು ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ." ಅವರು ಟಾರ್ಚ್ ಆರಿಸಿದರು. ದನಿ ಗಡುಸಾಯಿತು. "ಇಷ್ಟು ಚಿಕ್ಕ ಮಗೂಗೆ ಬ್ಲೀಚ್ ಹಾಕಿದ್ದು ಯಾರು?"

ಮರಿ ಬಾಯಿ ತೆರೆದಳು. ಅಷ್ಟರಲ್ಲಿ, ಸುದ್ದಿ ಕೇಳಿ ಓಡಿಬಂದಿದ್ದ ಅಮ್ಮ ಹೇಳಿಬಿಟ್ಟಳು.

"ನಾನೇ ಡಾಕ್ಟ್ರೇ."

"ನೀವೇ? ಪಾರ್ಲರ್ ನಡೆಸ್ತೀನಿ ಅಂತೀರ. ನಾಚಿಕೆ ಆಗಲ್ವಾ?"

ಅಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ತನ್ನನ್ನು ಉಳಿಸಲು ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡಳು ಮರಿ. ಅಮ್ಮ ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಾಳೆ, ಮರಿಗೆ ಗೊತ್ತು. ಮೆಲ್ಲಗೆ ಓರೆಗಣ್ಣಿನಿಂದ ನೋಡಿದಳು. ಅಮ್ಮನ ಎರಡೂ ಕೈ ಮಡಿಲಲ್ಲೇ ಇದ್ದವು.

ಮನೆಗೆ ಬಂದ ಮೇಲೆ ಅಮ್ಮ ಪಾರ್ಲರಿನ ಬಾಗಿಲು ಹಾಕಿದಳು. ಮುಂದಿನ ಕುರ್ಚಿಯಲ್ಲಿ ತಾನೇ ಕೂತು, ಮರಿಯನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಯಾಕೆ ಹಚ್ಕೊಂಡೆ?"

ಮರಿ ನೆಲ ನೋಡಿದಳು.

"ಬೈಯಲ್ಲ. ಹೇಳು ಮರೀ."

ಮರಿ ಮೇಜಿನ ಮೇಲಿದ್ದ ಅಮ್ಮನ ಫೋನ್ ತೆಗೆದು, ಗ್ರೂಪ್ ತೆರೆದು, ಅವಳ ಕೈಗೆ ಕೊಟ್ಟಳು. ಅಮ್ಮ ಬೆರಳಿನಿಂದ ತಳ್ಳತೊಡಗಿದಳು. ಮುಖ. ಮುಖ. ಮತ್ತೆ ಮುಖ. ತಳ್ಳಿದಷ್ಟೂ ಮುಗಿಯಲಿಲ್ಲ.

"ಇದು ಎಷ್ಟು ದಿನದಿಂದ?" ಅಮ್ಮ ತಂಗಿಯ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗ್ರೂಪಿಂದು ಗೊತ್ತಿರ್ಲಿಲ್ಲ ಅಕ್ಕ." ಚಿಕ್ಕಮ್ಮ ಟವೆಲಿನ ಅಂಚನ್ನು ಸುತ್ತಿ ಬಿಚ್ಚುತ್ತಿದ್ದಳು. "ಪೇಜಲ್ಲಿ ಕೆಲವರು ಹಾಗೆ ಹೀಗೆ ಬರೆದಿದ್ರು. ತೀರಾ ಕೆಟ್ಟದ್ದಿದ್ರೆ ಅಳಿಸ್ತಿದ್ದೆ. ಜನ ಬರ್ತಿದಾರಲ್ಲ ಅಂತ ನಾನು..."

"ತೆಗಿ."

"ತೆಗೀತೀನಿ. ಇದೊಂದೇನಾ?"

"ಎಲ್ಲಾ ತೆಗಿ. ಯಾರಿಗೂ ಬಿಫೋರ್ ಬೇಡ."

ಚಿಕ್ಕಮ್ಮ ಫೋನ್ ಒತ್ತಿದಳು. "ತೆಗ್ದೆ ಅಕ್ಕ. ಪೇಜಲ್ಲಿ ಈಗ ಇಲ್ಲ. ಆದ್ರೆ ಅವರವರ ಫೋನಲ್ಲಿ ಇಟ್ಕೊಂಡಿರೋದು ನಮ್ಮ ಕೈಲಿಲ್ಲ."

"ಅಂದ್ರೆ?"

"ಅಂದ್ರೆ, ಅದು ಇರುತ್ತೆ."

ಅಮ್ಮ ಗೋಡೆಯ ಕಪಾಟು ನೋಡಿದಳು. ಕಲೆ ಮುಚ್ಚುವುದಕ್ಕೆ ಒಂದು ಟ್ಯೂಬ್, ಕಣ್ಣಿನ ಕೆಳಗಿನ ಕಪ್ಪಿಗೆ ಒಂದು ಡಬ್ಬಿ, ಕೂದಲು ತೆಗೆಯುವುದಕ್ಕೆ ಒಂದು, ಬಣ್ಣ ತೆಗೆಯುವುದಕ್ಕೆ ಇನ್ನೊಂದು. ಒಂದೊಂದನ್ನೂ ಹೆಸರು ಓದುವವಳ ಹಾಗೆ ನೋಡಿದಳು. ಆಮೇಲೆ ಮರಿಯನ್ನು ಹತ್ತಿರ ಎಳೆದುಕೊಂಡು, ಗಾಯ ತಾಗದ ಹಾಗೆ ಬಲಗೆನ್ನೆಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು.

* * *

ಮರಿ ಶಾಲೆಗೆ ಹೋಗಲಿಲ್ಲ. ಮಿಮಿಕ್ರಿಗೆ ಲೌಡ್‌ಸ್ಪೀಕರ್ ಸೆಲೆಕ್ಟ್ ಆದ ಅಂತ ಬುಡ್ಡಿ ಬಂದು ಹೇಳಿದಳು. ನೋಟ್ಸ್ ಕೊಡಲು ಬಂದವಳು ಹೊಸಿಲ ಆಚೆಯೇ ನಿಂತಿದ್ದಳು. ಗಾಯ ನೋಡಿದಳು. ಬೇಗ ಕಣ್ಣು ತೆಗೆದಳು.

"ನಾನು ಅದನ್ನ ಡಿಲೀಟ್ ಮಾಡ್ದೆ" ಅಂದಳು.

"ಬೇರೆಯವರು?"

"ಗೊತ್ತಿಲ್ಲ."

 ಬುಡ್ಡಿ ಎಂದು ಕರೆಯಲು ಮರಿಗೆ ಬಾಯಿ ಬರಲಿಲ್ಲ. ಬೇರೆ ಏನೆಂದು ಕರೆಯಬೇಕೋ ಮರೆತಂತಾಗಿತ್ತು. "ನೋಟ್ಸ್ ನಾಳೆ ವಾಪಸ್ ಕೊಡ್ತೀನಿ" ಅಂದಳು ಅಷ್ಟೇ.

ಗಾಯ ಒಣಗಿತು. ಹೊಸ ಚರ್ಮ ಬಂತು. ಗುಲಾಬಿ ಬಣ್ಣದ, ತೆಳ್ಳಗಿನ, ಬಿಗಿಯಾದ ಚರ್ಮ. ಸೋಮವಾರದಿಂದ ಶಾಲೆಗೆ ಕಳಿಸಬಹುದು ಅಂದರು ಡಾಕ್ಟರ್. ಆ ಮಾತು ಕೇಳಿದಾಗಿನಿಂದ ಮರಿಗೆ ಊಟ ಸೇರುತ್ತಿರಲಿಲ್ಲ.

ಭಾನುವಾರ ಅವಳು ಪಾರ್ಲರಿನ ಮೂಲೆಯಲ್ಲಿ ಕೂತು ಒಗೆದ ಟವೆಲುಗಳನ್ನು ಸುರುಳಿ ಸುತ್ತುತ್ತಿದ್ದಳು. ಗಿರಾಕಿಗಳು ಈಗ ಮೊದಲಿನಷ್ಟು ಇರಲಿಲ್ಲ. ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ಹಿಂದೆ ಮರಿಯ ವಯಸ್ಸಿನ ಹುಡುಗಿ. ಕೂದಲನ್ನು ಮುಖದ ಮೇಲೆ ಬಿಟ್ಟುಕೊಂಡಿದ್ದಳು.

"ಮಕ್ಕಳ ಮೇಕಪ್ ಮಾಡ್ತೀರಲ್ಲ? ಸಂಜೆ ಇವಳದೊಂದು ಪಾರ್ಟಿ ಇದೆ." ಹೆಂಗಸು ಫೋನ್ ಎತ್ತಿ ಹಿಡಿದಳು. "ನಿಮ್ಮ ಪೇಜಲ್ಲಿ ಹುಡುಕಿದೆ, ಸಿಗ್ಲಿಲ್ಲ. ಪುಣ್ಯಕ್ಕೆ ನಾನು ಮೊದಲೇ ಇಟ್ಕೊಂಡಿದ್ದೆ. ಈ ಮಗು ಥರ ಮಾಡಿ. ಈ ಆಫ್ಟರ್ ಥರ."

ಅಮ್ಮನ ಕೈಯಲ್ಲಿದ್ದ ಬಾಚಣಿಗೆ ಹಾಗೇ ನಿಂತಿತು. ಹೆಂಗಸಿಗೆ ಅದು ಕಾಣಲಿಲ್ಲ. ಮೂಲೆಯಲ್ಲಿ ಟವೆಲ್ ಸುತ್ತುತ್ತಿದ್ದ ಮಗುವೂ ಕಾಣಲಿಲ್ಲ.

"ಆ ಫೋಟೊ..." ಅಂದಳು ಅಮ್ಮ. 

ಅಷ್ಟರಲ್ಲಿ ಆ ಹುಡುಗಿ ಯಾರೂ ಹೇಳದೆಯೇ ಹಿಂದಿನ ಗೋಡೆಯ ಹತ್ತಿರ ಹೋಗಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಪೇಜು ನೋಡಿ ನೋಡಿ ಅವಳಿಗೆ ಗೊತ್ತಿತ್ತು, ಮೊದಲು ಕೂರಬೇಕಾದದ್ದು ಅಲ್ಲೇ ಅಂತ. ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಟ್ಯೂಬ್‌ಲೈಟಿನ ಕೆಳಗೆ ಮುಖ ಎತ್ತಿ, ಬಾಯಿಯ ಎರಡೂ ತುದಿ ಇಳಿಸಿ, ಕಾದಳು.

ಅವಳು ನಟಿಸುತ್ತಿರಲಿಲ್ಲ. ಮರಿಗೆ ಅದು ಕೂಡಲೇ ಗೊತ್ತಾಯಿತು. ಮುಖಗಳ ವಿಷಯದಲ್ಲಿ ಅವಳ ಕಣ್ಣು ಚುರುಕು.

ಅಭ್ಯಾಸದಿಂದ ಚಿಕ್ಕಮ್ಮನ ಕೈ ಫೋನಿನ ಕಡೆ ಹೋಯಿತು.

"ಫೋನ್ ಇಡು" ಅಂದಳು ಅಮ್ಮ.

 ಏನೋ ತಪ್ಪಾಯಿತು ಅಂತ ಆ ಹುಡುಗಿ ಇನ್ನಷ್ಟು ಮುದುಡಿದಳು. ಅವಳ ಕಣ್ಣು ಅತ್ತಿತ್ತ ಓಡಿ, ಎದುರಿನ ಕನ್ನಡಿಯಲ್ಲಿ ಮರಿಯ ಕಣ್ಣಿಗೆ ಸಿಕ್ಕಿತು.

ಏನು ಮಾಡುತ್ತಿದ್ದೇನೆ ಅಂತ ಮರಿ ಯೋಚಿಸಲಿಲ್ಲ. ಕೆಳತುಟಿ ಜೋತುಬಿಟ್ಟಳು. ಗಲ್ಲವನ್ನು ಕುತ್ತಿಗೆಯೊಳಗೆ ಎಳೆದುಕೊಂಡಳು. ರೆಪ್ಪೆ ಅರ್ಧ ಇಳಿಸಿದಳು. ಹೊಸ ಚರ್ಮ ಎಳೆದು ಕೆನ್ನೆ ನೋಯಿತು. ಬಿಡದೆ ಮಾಡಿದಳು.

ಹುಡುಗಿ ನೋಡಿದಳು. ಇನ್ನೊಮ್ಮೆ ನೋಡಿದಳು. ಅವಳ ಮೂಗಿನಿಂದ 'ಪುರ್' ಅಂತ ನಗು ಬಂತು.

"ಅದೇನದು?"

"ಒದ್ದೆ ಬೆಕ್ಕು" ಅಂದಳು ಮರಿ. "ಪಕ್ಕದ ಟೈಲರ್ ಅಂಗಡೀದು. ನೀರಿನ ಡ್ರಮ್ಮಿಗೆ ಬಿದ್ದಿತ್ತು."

"ಇನ್ನೊಂದ್ಸಲ ಮಾಡು!"

ಮರಿ ಮಾಡಿದಳು. ಹುಡುಗಿ ಸ್ಟೂಲಿನಿಂದ ಇಳಿದು ಹತ್ತಿರ ಬಂದಳು. ಮರಿಯ ಮುಖ ನೋಡಿದಳು. ಆಮೇಲೆ ತನ್ನ ಅಮ್ಮನ ಕೈಯಲ್ಲಿದ್ದ ಫೋನನ್ನು ತನ್ನ ಕಡೆ ಎಳೆದು, ಅದನ್ನೂ ನೋಡಿದಳು.

"ಇದೂ ಅದೇ ಬೆಕ್ಕಲ್ವಾ?" ಅಂದಳು.

ಮರಿ ಎದ್ದು ಬಂದು ಬಗ್ಗಿ ನೋಡಿದಳು. ಎಷ್ಟು ಸಲ ನೋಡಿದ್ದ ಫೋಟೊ ಅದು. ಜೋತುಬಿದ್ದ ತುಟಿ. ಒಳಗೆ ಎಳೆದ ಗಲ್ಲ. ಅರ್ಧ ಮುಚ್ಚಿದ ಕಣ್ಣು. ಸ್ಟಿಕ್ಕರಿನಲ್ಲಿ ಕತ್ತಿನಿಂದ ಕೆಳಗೆ ಏನೂ ಇರಲಿಲ್ಲ. ಇಲ್ಲಿ ಭುಜಗಳೂ ಇದ್ದವು, ಕಿವಿಯ ತನಕ ಎತ್ತಿದ್ದವು. ಅಮ್ಮ ನಕ್ಕಿದ್ದು, ದಾರ ಬಿದ್ದದ್ದು, ಒಂದೇ ಹುಬ್ಬಿನ ಗಿರಾಕಿ ಕನ್ನಡಿಯಲ್ಲಿ ನಕ್ಕಿದ್ದು, ಎಲ್ಲಾ ಆ ಫೋಟೊದ ಆಚೆ ಇತ್ತು.

"ಹೂಂ" ಅಂದಳು ಮರಿ. "ಬೆಕ್ಕೇ."

ನಾಳೆ ಸೋಮವಾರ. ಲೌಡ್‌ಸ್ಪೀಕರ್ ಇರುತ್ತಾನೆ. ಸ್ಟಿಕ್ಕರೂ ಇರುತ್ತದೆ. ಕೆನ್ನೆಯ ಮೇಲಿನ ಗುಲಾಬಿ ಕಲೆಯನ್ನು ಎಲ್ಲರೂ ನೋಡುತ್ತಾರೆ.

ಮರಿ ಕನ್ನಡಿಯ ಕಡೆ ತಿರುಗಿದಳು. ತುಟಿ ಬಿಟ್ಟಳು, ಅದು ತಾನಾಗಿ ತನ್ನ ಜಾಗಕ್ಕೆ ಹೋಯಿತು. ಗಲ್ಲ ಬಿಟ್ಟಳು. ಕಣ್ಣು ತೆರೆದಳು. ಆದರೂ ಕನ್ನಡಿಯಲ್ಲಿ ಏನೋ ಒಂದು ಇನ್ನೂ ಬೆಕ್ಕಿನದೇ ಉಳಿದಿತ್ತು.

ಭುಜ.

ಮರಿ ಮೆಲ್ಲಗೆ ಭುಜ ಇಳಿಸಿದಳು. ಅವು ಎಷ್ಟೋ ಹೊತ್ತು ಇಳಿಯುತ್ತಲೇ ಇದ್ದವು. ಇಷ್ಟು ದಿನವೂ ಮೇಲೇ ಇದ್ದವು ಅಂತ ಅವಳಿಗೆ ಗೊತ್ತಾದದ್ದು ಆಗಲೇ.